ಮರ್ಹೂಮ್ ಡಾಕ್ಟರರಿಗೆ ಬಂದ ಆಹ್ವಾನ

ತೋಲ್ಗಾ
ಜೂನ್ 11, ಬುಧವಾರ
ಸಂಜೆ, ಅಸರ್ ನಮಾಜು ಮುಗಿದ ಹೊತ್ತು

ಪ್ರೀತಿಯ ಮಗಳೇ ವಸೀಲಾ,

ಹೇಗಿದ್ದೀಯ? ತಲೆನೋವು ಕಡಿಮೆಯಾಯಿತೆ? ಹಬ್ಬದ ದಿನ ಫೋನಿನಲ್ಲಿ ಕೇಳಿದಾಗ ಆಗಿದೆಯಮ್ಮಾ ಎಂದೆ. ಆದರೆ ಹಾಗೆ ಹೇಳುವಾಗ ನೀನು ಹಣೆ ಒತ್ತಿಕೊಳ್ಳುತ್ತಿದ್ದೆ ಎಂದು ನನಗೆ ಇಲ್ಲಿಂದಲೇ ಗೊತ್ತಾಯಿತು. ರಾತ್ರಿ ಊಟ ಬಿಟ್ಟು ಬರೀ ಕಾಫಿ ಕುಡಿದು ಮಲಗಬೇಡ. ಅಲ್ಜಿಯರ್ಸಿನ ಹಾಸ್ಟೆಲಿನ ಊಟ ಸೇರದಿದ್ದರೆ ಎರಡು ಮೊಟ್ಟೆಯನ್ನಾದರೂ ಬೇಯಿಸಿಕೋ. ನಾನು ಚೆನ್ನಾಗಿದ್ದೇನೆ. ಮಂಡಿ ಎಂದಿನಂತೆ ಬೆಳಿಗ್ಗೆ ಮುನಿಸಿಕೊಂಡಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಸಮಾಧಾನವಾಗುತ್ತದೆ. ಮುಂಜಾನೆಯಿಂದ ದಕ್ಷಿಣದ ಬಿಸಿಗಾಳಿ ಬೀಸಿ ಅಂಗಳದ ತುಂಬ ಮರಳು. ಎರಡು ಸಲ ಗುಡಿಸಿದೆ. ಹತ್ತು ಗಂಟೆಗೆ ಬಿಸ್ಕ್ರಾದಿಂದ ಪ್ರೊಫೆಸರ್ ಹಫ್ಸೀಯಾ ಹಬ್ಬದ ಭೇಟಿಗೆಂದು ಬಂದರು. ಮಧ್ಯಾಹ್ನ ನಿನ್ನ ಲಖ್ದರ್ ಚಿಕ್ಕಪ್ಪ ಬಂದ. ಕೂಗಾಟವಾಯಿತು, ಊಟವಾಯಿತು, ಚಹಾ ಆಯಿತು. ಈಗ ಇಬ್ಬರೂ ಹೋಗಿದ್ದಾರೆ. ದಿನಾ ನಾಲ್ಕು ಸಾಲು ಬರೆದುಕೊಳ್ಳುವ ಹೊತ್ತಿಗೆ ಇವತ್ತು ನಿನಗೇ ಬರೆಯಲು ಕೂತಿದ್ದೇನೆ. ಫೋನಿನಲ್ಲಾದರೆ ನೀನು ಎಲ್ಲ ಸರಿಯಿದೆಯಮ್ಮಾ ಎಂದು ಇಟ್ಟುಬಿಡುತ್ತೀಯ, ನಾನೂ ಸರಿ ಮಗಳೇ ಎಂದು ಇಟ್ಟುಬಿಡುತ್ತೇನೆ. ಕಾಗದವಾದರೆ ಕೊನೆಯವರೆಗೂ ಓದಲೇಬೇಕಲ್ಲ.

ಹಬ್ಬಕ್ಕೆ ನೀನು ಬರಲಿಲ್ಲ ಎಂದು ನಾನು ಬೇಸರ ಮಾಡಿಕೊಂಡಿಲ್ಲ. ನಿಮ್ಮಪ್ಪ ಇಲ್ಲದ ಮೊದಲ ಹಬ್ಬದಲ್ಲಿ ಈ ಮನೆಗೆ ಬರುವುದು ಸುಲಭವಲ್ಲ. ಮನೆಯಲ್ಲೇ ಇದ್ದ ನನಗೂ ಸುಲಭವಾಗಿರಲಿಲ್ಲ. ಕುರಿಯನ್ನು ಚಿಕ್ಕಪ್ಪನೇ ಕೊಯ್ದ. ನಿಮ್ಮಪ್ಪ ಹೇಳುತ್ತಿದ್ದ ಹಾಗೆ ಬಿಸ್ಮಿಲ್ಲಾ ಅನ್ನುವುದಕ್ಕೆ ಹೋಗಿ ಅವನು ಮೂರು ಸಲ ಮೊದಲಿನಿಂದ ಶುರುಮಾಡಿದ. ಕುರಿ ಕೂಡ ಅವನನ್ನೇ ನೋಡುತ್ತಾ ನಿಂತಿತ್ತು. ನಾನು ಶಖ್ಶೂಖಾಕ್ಕೆ, ಮಾಂಸದ ಸಾರಿನಲ್ಲಿ ನೆನೆಸಲು, ರೊಟ್ಟಿ ಹರಿಯುತ್ತಾ ಮೂರು ಜನರ ಅಳತೆಗೆ ಹರಿದುಬಿಟ್ಟೆ. ಮಿಕ್ಕದ್ದನ್ನು ಪಕ್ಕದ ಮನೆಗೆ ಕೊಟ್ಟೆ. ಹೋಗಲಿ.

ಈಗ ವಿಷಯಕ್ಕೆ ಬರುತ್ತೇನೆ. ಬೈಯಲು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ನಿಮ್ಮಪ್ಪನ ಕಂಪ್ಯೂಟರನ್ನು ನಾನು ದಿನಾ ಒಂದು ಸಲ ತೆರೆಯುತ್ತೇನೆಂದು ನಿನಗೆ ಹೇಳಿರಲಿಲ್ಲ. ಪಾಸ್‌ವರ್ಡ್ ನೀನೇ ಕಲಿಸಿದ್ದೆ, ದೂಳು ಒರೆಸಿದ ಮೇಲೆ ಕೆಲಸ ಮಾಡುತ್ತದೆಯೋ ಇಲ್ಲವೋ ನೋಡು ಎಂದು. ಕೆಲಸ ಮಾಡುತ್ತದೆ. ಅವರಿಗೆ ಇನ್ನೂ ಮೇಲ್ ಬರುತ್ತವೆ. ಅವರು ಕೆಲಸ ಮಾಡಿದ ಕೃಷಿ ಸಂಶೋಧನಾ ಕೇಂದ್ರದ ಸುತ್ತೋಲೆ, ಗೊಬ್ಬರದ ಕಂಪನಿಯ ಜಾಹೀರಾತು, ಇಂಥವು. ಗೊತ್ತಿಲ್ಲದ ಭಾಷೆಯದ್ದಾದರೆ ಫೋನನ್ನು ಮುಂದೆ ಹಿಡಿದರೆ ಅದು ಅರಬ್ಬಿಗೆ ತಿರುಗಿಸಿ ತೋರಿಸುತ್ತದೆ. ಹಬ್ಬದ ಹಿಂದಿನ ವಾರ ಇಂಗ್ಲಿಷಿನಲ್ಲಿ ಒಂದು ಬಂತು. ಫೋನ್ ಹಿಡಿದೆ. ಮೊದಲ ಸಾಲು ಹೀಗಿತ್ತು: ಪ್ರಿಯ ಮರ್ಹೂಮ್ ಡಾಕ್ಟರರೇ, ತಾವು ಪೂರ್ಣ ಆರೋಗ್ಯದಿಂದ ಇದ್ದೀರಿ ಎಂದು ನಂಬಿದ್ದೇವೆ.

ನಾನು ಫೋನ್ ಕೆಳಗಿಟ್ಟು ಮತ್ತೆ ಎತ್ತಿಕೊಂಡೆ. ದಿವಂಗತರೇ ಎಂದು ಕರೆದು ಆರೋಗ್ಯ ವಿಚಾರಿಸುತ್ತಿದೆ, ಫೋನಿಗೇ ಏನಾದರೂ ಆಗಿದೆಯೇ ಎಂದುಕೊಂಡೆ. ಮುಂದೆ ಓದಿದೆ. ಖರ್ಜೂರದ ಮೇಲೆ ಬೂಫರೂವಾ ನುಸಿಯ ಬಗ್ಗೆ ಮರ್ಹೂಮ್ ಡಾಕ್ಟರರು ಬರೆದ ಲೇಖನ ಅತ್ಯುತ್ತಮವೆಂದು ಇಬ್ಬರು ವಿದ್ವಾಂಸರು ಹೊಗಳಿದ್ದಾರೆ. ಒಂದಕ್ಷರ ತಿದ್ದದೆ ನಮ್ಮ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ. ಇಸ್ತಾಂಬುಲಿನಲ್ಲಿ ನಮ್ಮ ಸಮ್ಮೇಳನವಿದೆ, ಮರ್ಹೂಮ್ ಡಾಕ್ಟರರು ತಾವೇ ಬಂದು ಮೊದಲ ಭಾಷಣ ಮಾಡಬೇಕು. ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿಯೂ ಇದೆ. ಇತ್ತೀಚಿನ ಭಾವಚಿತ್ರ ಕಳಿಸಬೇಕು. ಪತ್ನಿಯೂ ಜೊತೆಗೆ ಬರಬಹುದು, ಸಮುದ್ರದ ಮೇಲೆ ದೋಣಿಯಲ್ಲಿ ರಾತ್ರಿಯ ಊಟ, ಪತ್ನಿಗೆ ಅರ್ಧ ಶುಲ್ಕ. ಇದಿಷ್ಟಕ್ಕೂ ಸಹಿ ಮತ್ತು ಹಣ ಜೂನ್ ಹನ್ನೆರಡು ಗುರುವಾರ ರಾತ್ರಿಯೊಳಗೆ ತಲುಪಬೇಕು.

ಏನಾಗಿದೆ ಎಂದು ಆಮೇಲೆ ತಿಳಿಯಿತು. ತೀರಿಕೊಂಡವರ ಹೆಸರನ್ನು ಬರಿದಾಗಿ ಬರೆಯಲು ನಮ್ಮವರಿಗೆ ಕೈ ಬರುವುದಿಲ್ಲವಲ್ಲ. ನೀನು ಅವರಿಗೆ ಕಳಿಸಿದ ಲೇಖನದ ಮೇಲೆ ನಿನ್ನ ಹೆಸರಿನ ಜೊತೆ ಅಪ್ಪನ ಹೆಸರನ್ನು ಹಾಕುವಾಗ ನೀನೂ ಮರ್ಯಾದೆಯಿಂದ ಅಲ್ ಮರ್ಹೂಮ್ ಅಮ್ಮಾರ್ ಬೂಝಿಯಾನ್ ಎಂದೇ ಬರೆದಿದ್ದೆ. ಅವರು ಮರ್ಹೂಮ್ ಎಂಬುದು ಹುಟ್ಟಿದಾಗ ಇಟ್ಟ ಹೆಸರು ಎಂದುಕೊಂಡಿದ್ದಾರೆ. ಕೊನೆಯ ಪುಟದಲ್ಲಿ ನೀನು ನನ್ನ ತಂದೆ ಕಳೆದ ನವೆಂಬರಿನಲ್ಲಿ ತೀರಿಕೊಂಡರು ಎಂದು ಬಿಡಿಸಿ ಬರೆದದ್ದು ಅವರ ಕಣ್ಣಿಗೆ ಬಿದ್ದಿಲ್ಲ.

ಒಂದು ವಿಷಯ ಹೇಳುತ್ತೇನೆ, ನಗಬೇಡ. ನನಗೆ ಸಂತೋಷವಾಯಿತು. ಈ ಏಳು ತಿಂಗಳಲ್ಲಿ ಬಂದವರೆಲ್ಲ ಅವರು ಹೀಗಿದ್ದರು, ಹಾಗಿದ್ದರು ಎಂದೇ ಹೇಳುತ್ತಾರೆ. ಈ ಕಾಗದವೊಂದೇ ಅವರು ಇದ್ದಾರೆ, ಬರುತ್ತಾರೆ, ಮಾತಾಡುತ್ತಾರೆ ಎಂದಿತು. ನಾನು ದೋಣಿಯ ಊಟದ ಸಾಲನ್ನು ಮತ್ತೆ ಮತ್ತೆ ಓದಿದೆ. ಮೀನಿನ ಮುಳ್ಳು ಕಂಡರೆ ಆಗದವರು, ದೋಣಿಯಲ್ಲಿ ಏನು ತಿನ್ನುತ್ತಾರೆ ಎಂದು ಯೋಚಿಸಿದೆ. ಆಮೇಲೆ ಮುಚ್ಚಿಟ್ಟೆ. ನಿನಗೂ ಅದೇ ಕಾಗದ ಬಂದಿದೆಯೆಂದು ಗೊತ್ತಿತ್ತು, ನೀನೇ ಹೇಳುತ್ತೀಯ ಎಂದು ಸುಮ್ಮನಿದ್ದೆ. ನೀನು ಹೇಳಲಿಲ್ಲ. ಚಿಕ್ಕಪ್ಪನಿಗೆ ಮಾತ್ರ ಹೇಳಿದ್ದೀಯ, ಶುಲ್ಕಕ್ಕೆ ಯೂರೋ ಅವನೇ ಹೊಂದಿಸಬೇಕಾಗಿತ್ತಲ್ಲ.

ಚಿಕ್ಕಪ್ಪನ ಸುದ್ದಿ ಕೇಳು. ಆ ಪ್ರಶಸ್ತಿಯದ್ದೆಂದು ನೀನು ಕಳಿಸಿದ ಪ್ರಮಾಣಪತ್ರವನ್ನು ಅವನು ಬಣ್ಣದಲ್ಲಿ ಅಚ್ಚು ಹಾಕಿಸಿ, ಚೌಕಟ್ಟು ಕಟ್ಟಿಸಿ, ತನ್ನ ಕಾಫಿ ಅಂಗಡಿಯಲ್ಲಿ ಯಂತ್ರದ ಮೇಲೆಯೇ ತೂಗುಹಾಕಿದ್ದಾನೆ. ಚಿನ್ನದ ಅಕ್ಷರದಲ್ಲಿ ಗೌರವಾನ್ವಿತ ಡಾಕ್ಟರ್ ಅಲ್ ಮರ್ಹೂಮ್. ಡಾಮಿನೋ ಆಡಲು ಬರುವ ಹಾಜಿ ಬಶೀರ್ ಕನ್ನಡಕ ಏರಿಸಿ ಓದಿದನಂತೆ. ಅವನ ನಾಲಗೆ ನಿನಗೆ ಗೊತ್ತಲ್ಲ.

"ಅಲ್ಲಯ್ಯಾ ಲಖ್ದರ್, ನಿಮ್ಮಣ್ಣ ಬದುಕಿದ್ದಾಗ ಬಿಸ್ಕ್ರಾ ದಾಟ್ಲಿಲ್ಲ. ಈಗ ಇಸ್ತಾಂಬುಲ್‌ಗೆ ಹೊರಟವ್ನಂತೆ. ಕಬರಸ್ತಾನದ ಹತ್ರ ಯಾವ ಬಸ್ಸು ನಿಲ್ಲುತ್ತಪ್ಪಾ?"

"ಸತ್ತೋರಿಗೆ ಮರ್ಯಾದೆ ಕೊಡೋದು ಹೊರದೇಶದವರಿಗೆ ಗೊತ್ತು ಹಾಜಿ, ನಿಮ್ಗೆ ಗೊತ್ತಿಲ್ಲ."

"ಮರ್ಯಾದೆ ಸರಿ. ಭಾವಚಿತ್ರ ಕೇಳವ್ರಲ್ಲ, ಇತ್ತೀಚಿಂದೇ ಬೇಕು ಅಂತ. ಯಾರು ಹೋಗಿ ತೆಗೀತಾರೆ?"

ಅಂಗಡಿಯೆಲ್ಲ ನಕ್ಕಿತಂತೆ. ಚಿಕ್ಕಪ್ಪ ಕಾಫಿಯ ಲೋಟವನ್ನು ಕುಕ್ಕಿ ಹಾಜಿಯನ್ನು ಹೊರಗೆ ಕಳಿಸಿದ. ಆ ಸಿಟ್ಟನ್ನು ಹೊತ್ತುಕೊಂಡೇ ಇವತ್ತು ಮಧ್ಯಾಹ್ನ ಇಲ್ಲಿಗೆ ಬಂದದ್ದು. ಬಂದರೆ ಇಲ್ಲಿ ಹಫ್ಸೀಯಾ ಅಕ್ಕ ನಿಮ್ಮಪ್ಪನ ಕುರ್ಚಿಯಲ್ಲಿ ಕೂತು ಅದೇ ಕಾಗದವನ್ನು ಓದುತ್ತಿದ್ದಾರೆ. ನಾನೇ ತೋರಿಸಿದ್ದೆ. ನಿಮ್ಮಪ್ಪನ ಜೊತೆ ಇಪ್ಪತ್ತು ವರ್ಷ ಕೇಂದ್ರದಲ್ಲಿ ಕೆಲಸ ಮಾಡಿದವರು, ಅವರಿಗೆ ಸಂತೋಷವಾಗಲಿ ಎಂದು ತೋರಿಸಿದೆ. ಅವರು ಓದಿ, ಕನ್ನಡಕ ತೆಗೆದು, ತಲೆವಸ್ತ್ರದ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡರು.

"ಮಬ್ರೂಕಾ, ಇದನ್ನ ಬರೆದೋರು ಲೇಖನದ ಒಂದು ಸಾಲೂ ಓದಿಲ್ಲ ಕಣೇ. ಓದಿದ್ರೆ ಅಮ್ಮಾರನ್ನ ದೋಣಿ ಊಟಕ್ಕೆ ಕರೀತಿದ್ರಾ?"

ಚಿಕ್ಕಪ್ಪ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ.

"ನೋಡಿ ಅತ್ತಿಗೆ, ಈ ಪ್ರೊಫೆಸರಮ್ಮನಿಗೆ ಹೊಟ್ಟೆಯುರಿ. ಅಣ್ಣನಿಗೆ ಬಂದಿದ್ದು ಇವರಿಗೆ ಬರ್ಲಿಲ್ವಲ್ಲ."

"ಹೊಟ್ಟೆ ಉರೀತಿರೋದು ನಿಜ ಲಖ್ದರ್, ನಿಮ್ಮತ್ತಿಗೆ ಹಾಕಿರೋ ಮೆಣಸಿನಕಾಯಿಗೆ. ಬಾ, ಕೂತ್ಕೋ. ನಂಗೂ ವಾರಕ್ಕೆ ಮೂರು ಬರ್ತವೆ ಇಂಥವು. ಹೋದ ವಾರ ಒಬ್ಬರು ಮೂಳೆ ಮುರಿತದ ಸಮ್ಮೇಳನಕ್ಕೆ ಅಧ್ಯಕ್ಷೆ ಆಗಿ ಅಂತ ಬರೆದಿದ್ರು. ನಾನು ಜೀವಮಾನದಲ್ಲಿ ಮುರಿದಿದ್ದು ಖರ್ಜೂರದ ಬೀಜ."

ಆಮೇಲೆ ಅವರು ಕಂಪ್ಯೂಟರಿನಲ್ಲಿ ಆ ಪತ್ರಿಕೆಯ ಪುಟ ತೆರೆದು ಒಂದೊಂದಾಗಿ ತೋರಿಸಿದರು. ನನಗೆ ಅರ್ಥವಾದಷ್ಟು ಬರೆಯುತ್ತೇನೆ, ನಿನಗೆ ಗೊತ್ತಿರುವುದೇ ಇರಬಹುದು. ಆ ಪತ್ರಿಕೆಯ ಹೆಸರು ಹಳೆಯದೊಂದು ಒಳ್ಳೆಯ ಪತ್ರಿಕೆಯ ಹೆಸರೇ, ಹಿಂದೆ ಒಂದು ಪದವನ್ನು ಬಾಲದಂತೆ ಅಂಟಿಸಿದ್ದಾರೆ. ಅವಸರದಲ್ಲಿ ನೋಡಿದವರಿಗೆ ಅದೇ ಇದು ಅನ್ನಿಸಬೇಕು. ಒಂದೇ ಸಂಚಿಕೆಯಲ್ಲಿ ಖರ್ಜೂರದ ನುಸಿ, ಹಲ್ಲಿಗೆ ತುಂಬುವ ಸಿಮೆಂಟು, ಬ್ಯಾಂಕಿನ ಬಡ್ಡಿ, ಹಸುಳೆಗಳ ಕೆಮ್ಮು ಎಲ್ಲ ಇವೆ.

"ಒಂದೇ ಅಂಗಡೀಲಿ ಕುರಿಮಾಂಸನೂ ಟೈರೂ ಮಾರಿದ್ರೆ ನೀನು ಕೊಳ್ತೀಯಾ?" ಎಂದು ಹಫ್ಸೀಯಾ ಅಕ್ಕ ಕೇಳಿದರು.

"ನಾನು ಕಾಫಿ ಜೊತೆ ಟಾರ್ಚಿನ ಬ್ಯಾಟರಿ ಮಾರ್ತೀನಿ. ನಾನೂ ಕಳ್ಳನಾ?"

"ನೀನು ಕಾಫಿ ಕೊಟ್ಮೇಲೆ ದುಡ್ಡು ತಗೋತೀಯ. ಹೇಗಿತ್ತು ಅಂತಾನೂ ಕೇಳ್ತೀಯ."

ಲಂಡನ್ನಿನ ವಿಳಾಸ ಕೊಟ್ಟಿದ್ದರು. ಅವರು ಫೋನಿನಲ್ಲಿ ಆ ಬೀದಿಯ ಚಿತ್ರವನ್ನೇ ತೆಗೆದರು. ಆ ನಂಬರಿನಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ. ಚಿಕ್ಕಪ್ಪ ಮೇಲಿನ ಮಹಡಿಯಲ್ಲಿರಬಹುದು ಎಂದ. ನಾಲ್ಕು ದಿನದಲ್ಲಿ ಲೇಖನ ಓದಿ ಮುಗಿಸಿದರಂತೆ, ಅದು ಸಾಧ್ಯವೇ ಇಲ್ಲ ಎಂದು ಅಕ್ಕ ಹೇಳಿದರು. ಅವನು ಬುದ್ಧಿವಂತರು ಬೇಗ ಓದುತ್ತಾರೆ ಎಂದ. ನಿಮ್ಮಪ್ಪನ ಪರವಾಗಿ ವಾದಿಸುತ್ತಿದ್ದೇನೆ ಎಂದುಕೊಂಡಿದ್ದ ಪಾಪ. ಕೊನೆಗೆ ಹಫ್ಸೀಯಾ ಅಕ್ಕ ಬೆರಳಿಟ್ಟು ತೋರಿಸಿದರು: ಸಮ್ಮೇಳನದ ಅಧ್ಯಕ್ಷರು, ಟ್ಯುನೀಷಿಯಾದ ಸ್ಫಾಕ್ಸಿನ ಒಬ್ಬ ಪ್ರೊಫೆಸರು. ಅವರ ನಂಬರನ್ನು ಅವರ ವಿಶ್ವವಿದ್ಯಾಲಯದ ಪುಟದಲ್ಲೇ ಹುಡುಕಿ ತೆಗೆದರು.

"ಇಷ್ಟು ದೊಡ್ಡ ಪಟ್ಟೀಲಿ ಯಾರಾದ್ರೂ ಒಬ್ಬರಿಗೆ ಫೋನ್ ಮಾಡೋದು. ಈ ಸಮ್ಮೇಳನದೋರ ಪುಟದಲ್ಲಿರೋ ನಂಬರ್ ಬೇಡ, ಬೇರೆ ಕಡೆ ಸಿಕ್ಕಿದ್ದು. ಇಷ್ಟೇ ಮಾಡ್ಬೇಕಾಗಿರೋದು. ಯಾರೂ ಮಾಡಲ್ಲ, ನಾಚ್ಕೋತಾರೆ."

ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಇಟ್ಟರು. ಆ ಕಡೆ ವಯಸ್ಸಾದ ಗಂಡಸಿನ ದನಿ. ನೀರಿನ ಸದ್ದು, ಪಾತ್ರೆ ತೊಳೆಯುತ್ತಿದ್ದರೋ ಏನೋ. ಇಸ್ತಾಂಬುಲಿನ ಖರ್ಜೂರದ ಸಮ್ಮೇಳನಕ್ಕೆ ತಾವೇ ಅಧ್ಯಕ್ಷರಂತೆ ಎಂದು ಇವರು ಕೇಳಿದ್ದೇ ತಡ, ಅವರು ನಿಟ್ಟುಸಿರು ಬಿಟ್ಟದ್ದು ನಮ್ಮ ಅಂಗಳದವರೆಗೂ ಕೇಳಿಸಿತು.

"ಖರ್ಜೂರನಾ ಈ ಸಲ? ತಾಯೀ, ನಾನು ಹಲ್ಲಿನ ಡಾಕ್ಟ್ರು. ಮೂರು ವರ್ಷದಿಂದ ನನ್ನ ಹೆಸರು ಹಾಕ್ಕೊಂಡು ಊರೂರು ತಿರುಗಿಸ್ತಿದಾರೆ. ತೆಗೀರಪ್ಪಾ ಅಂತ ಬರೆದೆ. ತೆಗೆಯೋಕೆ ಫೀಸು ಕೇಳಿದ್ರು."

"ಹಾಗಾದ್ರೆ ನೀವು ಇಸ್ತಾಂಬುಲ್‌ಗೆ..."

"ನನ್ನ ಹೆಂಡ್ತಿ ದಿನಾ ಕೇಳ್ತಾಳೆ, ಅಷ್ಟೊಂದು ಸಮ್ಮೇಳನಕ್ಕೆ ಹೋಗ್ತೀರಂತೆ, ನನ್ನ ಯಾಕೆ ಕರ್ಕೊಂಡು ಹೋಗಲ್ಲ ಅಂತ. ಯಾರು ಸಿಕ್ಕಿಬಿದ್ದಿರೋದು? ಓದ್ತಿರೋ ಮಗುವಾ? ದುಡ್ಡು ಕಟ್ಟಿಲ್ಲ ತಾನೇ? ಸಹಿ ಮಾಡಿಲ್ಲ ತಾನೇ? ಹಾಗಾದ್ರೆ ಉತ್ತರಾನೇ ಕೊಡ್ಬೇಡಿ ಅನ್ನಿ. ಒಂದು ಸಲ ಅಚ್ಚಾಯ್ತೋ, ಮತ್ತೆ ವಾಪಸ್ ಬರಲ್ಲ ಅದು."

ಹಫ್ಸೀಯಾ ಅಕ್ಕ ಫೋನ್ ಇಟ್ಟರು. ಚಿಕ್ಕಪ್ಪ ಗೋಡೆಯ ಮೇಲಿನ ನಿಮ್ಮಪ್ಪನ ಫೋಟೋ ನೋಡುತ್ತಾ ಕೂತ. ಆಮೇಲೆ ನನ್ನ ಕಡೆ ತಿರುಗಿ, "ಅತ್ತಿಗೆ, ಅಣ್ಣನಿಗೆ ಯಾರೂ ಏನೂ ಕೊಡ್ಲಿಲ್ಲ. ಕೇಂದ್ರದೋರು ಒಂದು ಹೂವಿನ ಹಾರ ತಂದ್ರು, ಅದೂ ಒಣಗಿತ್ತು. ನಂಗೆ ಯಾರಾದ್ರೂ ಏನಾದ್ರೂ ಕೊಡ್ಲಿ ಅಂತಿತ್ತು, ಅಷ್ಟೆ" ಎಂದ. ನಾನು ಅವನ ತಟ್ಟೆಗೆ ಇನ್ನೊಂದು ಸೌಟು ಹಾಕಿದೆ. ಹಫ್ಸೀಯಾ ಅಕ್ಕನೂ ಆಗ ಅವನನ್ನು ಕೆಣಕಲಿಲ್ಲ. ಇವರು ಪೆದ್ದರನ್ನು ಹುಡುಕಿಕೊಂಡು ಹೋಗುವುದಿಲ್ಲ ಲಖ್ದರ್, ಸುಸ್ತಾದವರನ್ನು ಹುಡುಕುತ್ತಾರೆ ಎಂದರು. ಹುಡುಗಿಯ ಮೇಲೆ ಸಿಟ್ಟಾಗಬೇಡಿ ಎಂದೂ ಹೇಳಿದರು. ಅವರ ಕೈಕೆಳಗೆ ಓದಿದ ಒಬ್ಬ ಹುಡುಗ ಇಂಥದ್ದೇ ಪತ್ರಿಕೆಯಲ್ಲಿ ಅಚ್ಚು ಹಾಕಿಸಿಕೊಂಡು ಡಾಕ್ಟರೇಟಿನ ಮಂಡನೆಯ ದಿನ ಹೊಸ ಸೂಟು ತೊಟ್ಟು ನಿಂತನಂತೆ. ಪರೀಕ್ಷಕರು ಪತ್ರಿಕೆಯ ಹೆಸರು ನೋಡಿ ಅಲ್ಲೇ ನಿಲ್ಲಿಸಿದರಂತೆ. ಲೇಖನ ಒಳ್ಳೆಯದೇ ಇತ್ತು, ಆದರೆ ಅಚ್ಚಾಗಿ ಹೋಗಿದ್ದರಿಂದ ಬೇರೆ ಯಾವ ಪತ್ರಿಕೆಯೂ ತೆಗೆದುಕೊಳ್ಳಲಿಲ್ಲ.

ನಿಮ್ಮಪ್ಪನ ಹದಿನಾಲ್ಕು ಬೇಸಿಗೆ ಅದರಲ್ಲಿದೆ ವಸೀಲಾ. ನನಗೆ ವಿಜ್ಞಾನ ಗೊತ್ತಿಲ್ಲ. ಆದರೆ ಆ ಬೇಸಿಗೆಗಳು ಗೊತ್ತು. ಜುಲೈ ಬಂತೆಂದರೆ ಗೊನೆಗಳ ಮೇಲೆ ಆ ಬೂದಿಯಂಥ ಬಲೆ ಕಟ್ಟುತ್ತದೆಯೇ ಎಂದು ನೋಡಲು ಹೋಗುತ್ತಿದ್ದರು, ಏಣಿ ಹೆಗಲಿಗೆ, ಭೂತಗನ್ನಡಿ ಕೊರಳಿಗೆ. ಮಧ್ಯಾಹ್ನ ಮನೆಗೆ ಬಂದಾಗ ರೆಪ್ಪೆಯ ಮೇಲೆಲ್ಲ ದೂಳು. ಊಟಕ್ಕೆ ಕೂತಾಗಲೂ ತುಟಿ ಅಲ್ಲಾಡುತ್ತಿತ್ತು, ಲೆಕ್ಕ ತಪ್ಪಬಾರದೆಂದು. ಆಗ ನೀನೂ ನಾನೂ ಮಾತಾಡುತ್ತಿರಲಿಲ್ಲ, ಬರೆದುಕೊಂಡು ಬರುವವರೆಗೆ. ಅದು ಒಗೆಯುವ ಅಂಗಡಿಯ ಮೇಲಿನ ಮಹಡಿಗೆ ಹೋಗುವುದು ನನಗೆ ಬೇಡ.

ನಿನಗೆ ಏನೂ ಗೊತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ನೀನು ನಮ್ಮೆಲ್ಲರಿಗಿಂತ ಓದಿದವಳು. ಚಿಕ್ಕಪ್ಪನಿಗೆ ನೀನು ಎಲ್ಲರೂ ಹೀಗೇ ಮಾಡುತ್ತಾರೆ ಎಂದೆಯಂತೆ. ಆ ಮಾತು ಕೇಳಿದಾಗ ನಿನಗೆ ಅರ್ಧ ಗೊತ್ತಿತ್ತು ಎಂದು ನನಗೆ ತಿಳಿಯಿತು. ಉಳಿದರ್ಧವನ್ನು ನೋಡಲು ಮನಸ್ಸು ಬರಲಿಲ್ಲ. ಸೆಪ್ಟೆಂಬರಿನೊಳಗೆ ಒಂದು ಲೇಖನ ಅಚ್ಚಾಗದಿದ್ದರೆ ಮಂಡನೆಯಿಲ್ಲ, ಮಂಡನೆಯಿಲ್ಲದಿದ್ದರೆ ಹಾಸ್ಟೆಲಿನ ಕೋಣೆಯಿಲ್ಲ, ಈ ವರ್ಷದ ಅಧ್ಯಾಪಕರ ನೇಮಕಾತಿಗೂ ನಿಲ್ಲುವಂತಿಲ್ಲ. ಆ ಹೊತ್ತಿನಲ್ಲಿ ಯಾರೋ ಬಂದು ಬಾ, ನಿನ್ನದು ಅತ್ಯುತ್ತಮ ಎಂದರೆ ಯಾರು ಬೇಡವೆನ್ನುತ್ತಾರೆ? ನಾನೇ ದೋಣಿ ಹತ್ತಿ ಕೂತಿದ್ದೆನಲ್ಲ.

ಇನ್ನೊಂದು ಕಾಗದದ ವಿಷಯ. ಮಾರ್ಚಿನಲ್ಲಿ ಫ್ರಾನ್ಸಿನ ಪತ್ರಿಕೆಯಿಂದ ಬಂದದ್ದು, ಅದೂ ಅಪ್ಪನ ಮೇಲ್‌ಗೆ ಬಂದಿತ್ತು. ಆಗ ನೀನು ಫೋನಿನಲ್ಲಿ ತಿರಸ್ಕಾರ ಮಾಡಿದರಮ್ಮಾ ಎಂದು ಅತ್ತಿದ್ದೆ. ನಾನು ಆ ಕಾಗದವನ್ನು ತೆರೆದಿರಲಿಲ್ಲ, ನಿನ್ನ ಅಳು ಸಾಕಿತ್ತು. ಇವತ್ತು ಹಫ್ಸೀಯಾ ಅಕ್ಕ ಅದನ್ನು ತೆರೆದು ಮೊದಲಿನಿಂದ ಕೊನೆಯವರೆಗೆ ಓದಿದರು. ಓದುತ್ತಾ ಓದುತ್ತಾ ಅವರ ಮುಖ ಬದಲಾಯಿತು.

"ಇದನ್ನ ಯಾರು ತಿರಸ್ಕಾರ ಅಂದಿದ್ದು? ಮಬ್ರೂಕಾ, ಇಲ್ಲಿ ಕೇಳು, ಮೊದಲನೇ ಸಾಲು. ಡಾಕ್ಟರ್ ಬೂಝಿಯಾನ್ ತೀರಿಕೊಂಡರೆಂದು ಕೊನೆಯ ಪುಟದಿಂದ ತಿಳಿಯಿತು, ಸಂತಾಪಗಳು. ಹೆಸರಿನ ಮುಂದಿನ ಪದ ಹೆಸರಿನ ಭಾಗವೋ ಅಥವಾ ನಿಮ್ಮಲ್ಲಿ ಅಗಲಿದವರಿಗೆ ಬಳಸುವ ಗೌರವಸೂಚಕವೋ, ದಯವಿಟ್ಟು ತಿಳಿಸಿ. ನೋಡಿದ್ಯಾ? ಕೇಳ್ತಿದಾನೆ. ಓದಿದಾನೆ ಕಣೇ ಈ ಮನುಷ್ಯ!"

ಮೂರು ಪುಟ ಪ್ರಶ್ನೆಗಳಿವೆ ಎಂದರು. ನುಸಿಯನ್ನು ಎಣಿಸಿದ್ದು ಬೆಳಿಗ್ಗೆಯೋ ಮಧ್ಯಾಹ್ನವೋ, ಗಾಳಿಯ ದಿನ ಎಣಿಸಿದಿರೋ ಇಲ್ಲವೋ, ಹೀಗೆ. ಕಟುವಾಗಿಯೇ ಕೇಳಿದ್ದಾನೆ, ಒಂದೆರಡು ಕಡೆ ಅಧಿಕಪ್ರಸಂಗವೂ ಇದೆ ಎಂದರು. ಆದರೆ ಕೊನೆಯಲ್ಲಿ, ಇವಕ್ಕೆ ಉತ್ತರ ಸಿಕ್ಕರೆ ಇಷ್ಟು ದೀರ್ಘ ಕಾಲದ ದಾಖಲೆ ತಾನು ಬೇರೆಲ್ಲೂ ಕಂಡಿಲ್ಲ, ಮತ್ತೆ ಕಳಿಸಿ, ಜುಲೈ ಕೊನೆಯವರೆಗೆ ಕಾಯುತ್ತೇವೆ ಎಂದಿದೆಯಂತೆ. ಅದೊಂದು ಸಾಲನ್ನು ನೀನು ಓದಲಿಲ್ಲವೆ? ಅಥವಾ ಅದರ ಮೇಲಿನ ಪ್ರಶ್ನೆಯಲ್ಲೇ ನಿಂತುಬಿಟ್ಟೆಯಾ? ಅದನ್ನೂ ಅಕ್ಕ ಓದಿ ಹೇಳಿದರು. ಹದಿನಾಲ್ಕು ಬೇಸಿಗೆಯಲ್ಲಿ ಮೂರನೆಯದು ಖಾಲಿ ಬಿಟ್ಟಿದೆ, ಯಾಕೆ ಎಂದು ಯಾರಾದರೂ ಹೇಳಬಲ್ಲಿರಾ ಎಂದು ಕೇಳಿದ್ದಾನಂತೆ.

ನೀನು ಯಾರನ್ನು ಕೇಳುತ್ತಿದ್ದೆ? ಕೇಳಬೇಕಾದವರು ಇಲ್ಲ. ಅದಕ್ಕೇ, ಯಾರೂ ಏನೂ ಕೇಳದ ಕಡೆಗೆ ಹೋದೆ. ಇದು ನನಗೆ ಇವತ್ತು ಅರ್ಥವಾಯಿತು. ಹಫ್ಸೀಯಾ ಅಕ್ಕ ನನ್ನ ಕಡೆ ತಿರುಗಿ, "ನಿಂಗೇನಾದ್ರೂ ನೆನಪಿದೆಯಾ ಮಬ್ರೂಕಾ, ಆ ವರ್ಷ ಅಮ್ಮಾರ್ ಯಾಕೆ ಎಣಿಸ್ಲಿಲ್ಲ? ಆಗ ನಾನು ಮೊರೊಕ್ಕೊದಲ್ಲಿದ್ದೆ" ಎಂದರು. ನಾನು ಚಹಾ ಬಿಸಿ ಮಾಡಲು ಎದ್ದು ಹೋದೆ.

ಹೊರಡುವ ಮುಂಚೆ ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಅವರಿಗೆ ಸಹಿ ಹಾಕಬೇಡ, ಹಣ ಕಳಿಸಬೇಡ. ಲೇಖನ ವಾಪಸ್ ಬೇಕೆಂದು ಎರಡು ಸಾಲು ಬರೆದು, ಅದರ ಪ್ರತಿ ಇಟ್ಟುಕೊಂಡು, ಆಮೇಲೆ ಅವರು ಏನೇ ಹೆದರಿಸಿದರೂ ಉತ್ತರಿಸಬೇಡ. ವಾಪಸ್ ಪಡೆಯಲೂ ಫೀಸು ಕೇಳುತ್ತಾರೆ, ಕೊಡಬೇಡ. ಅದಾದ ಮೇಲೆ ಫ್ರಾನ್ಸಿನವರಿಗೆ ಉತ್ತರ ಬರೆಯಲು ಕೂರು. ನಡುವೆ ಬೇರೆ ಕಡೆ ಕಳಿಸಿದ್ದೆ ಎಂಬುದನ್ನೂ ಮುಚ್ಚಿಡದೆ ಹೇಳು. ಅವರೇ ನಿನ್ನ ಮಾರ್ಗದರ್ಶಕರಿಗೆ ಭಾನುವಾರ ಫೋನ್ ಮಾಡುತ್ತಾರಂತೆ. ಮಂಡನೆ ಮುಂದಕ್ಕೆ ಹೋಗುತ್ತದೆ, ಅದರಲ್ಲಿ ಸುಳ್ಳಿಲ್ಲ. ಈ ವರ್ಷದ ನೇಮಕಾತಿ ಕೈತಪ್ಪುತ್ತದೆ. ಕೋಣೆ ಬಿಡಬೇಕಾಗಬಹುದು. ನಿನ್ನ ಕೋಣೆ ಇಲ್ಲಿ ಹಾಗೆಯೇ ಇದೆ, ಕಂಪ್ಯೂಟರೂ ಇದೆ. ಇಂಟರ್ನೆಟ್ಟು ಮಧ್ಯಾಹ್ನ ಮಲಗುತ್ತದೆ, ನಾವೂ ಮಲಗೋಣ. ಚಿಕ್ಕಪ್ಪ ನಾಳೆ ಯಂತ್ರದ ಬಿಡಿಭಾಗ ತರಲು ಅಲ್ಜಿಯರ್ಸಿಗೆ ಬರುವವನಿದ್ದಾನೆ, ಈ ಕಾಗದವನ್ನು ಅವನ ಕೈಯಲ್ಲೇ ಕಳಿಸುತ್ತೇನೆ. ಅವನನ್ನು ಏನೂ ಅನ್ನಬೇಡ. ಚೌಕಟ್ಟನ್ನು ಇಳಿಸುತ್ತೀಯಾ ಎಂದು ಕೇಳಿದ್ದಕ್ಕೆ, "ಇಳಿಸ್ತೀನಿ ಅತ್ತಿಗೆ. ಆದ್ರೆ ಹಾಜಿ ಬಶೀರ್ ಬರೋಕ್ಕೆ ಮುಂಚೆ ಅಲ್ಲಿ ಬೇರೆ ಏನಾದ್ರೂ ತೂಗುಹಾಕ್ಬೇಕು, ಗೋಡೆ ಮೇಲೆ ಮೊಳೆ ಕಾಣುತ್ತೆ" ಎಂದ.

ಹಫ್ಸೀಯಾ ಅಕ್ಕ ನಿನ್ನ ಹಣೆಗೆ ಮುತ್ತು ಹೇಳಿದ್ದಾರೆ. ಪಕ್ಕದ ಮನೆಯವರೆಲ್ಲ ನಿನ್ನನ್ನು ಕೇಳುತ್ತಾರೆ. ದೇವರು ನಿನ್ನ ದಾರಿಯನ್ನು ಸುಗಮ ಮಾಡಲಿ, ನಿಮ್ಮಪ್ಪನ ಮೇಲೆ ದಯೆಯಿಡಲಿ. ನೀನು ಪಾಸಾದರೂ ತಡವಾದರೂ ನನ್ನ ಮಗಳೇ.

ನಿನ್ನ ಅಮ್ಮ,
ಮಬ್ರೂಕಾ

ಮತ್ತೆ: ಕಾಗದ ಮಡಿಸುತ್ತಿದ್ದವಳು ಮತ್ತೆ ಬಿಚ್ಚಿದೆ. ಇದನ್ನು ಬರೆಯದೆ ಉಳಿದದ್ದೆಲ್ಲ ಬರೆದು ಪ್ರಯೋಜನವಿಲ್ಲ. ಆ ಮೂರನೆಯ ಬೇಸಿಗೆ ನಿನ್ನನ್ನು ಬಾತ್ನಾ ಊರಿಗೆ, ನಿನ್ನ ಅತ್ತೆಯ ಮನೆಗೆ ಕಳಿಸಿದ್ದೆವು. ನಿನಗೆ ಹದಿನೈದು. ಅಮ್ಮನಿಗೆ ಹೊಟ್ಟೆಯಲ್ಲಿ ಹುಣ್ಣು ಎಂದು ಹೇಳಿದ್ದೆವು. ಹುಣ್ಣಲ್ಲ. ನಿನಗೊಬ್ಬ ತಮ್ಮ ಬರುವವನಿದ್ದ, ಐದನೆಯ ತಿಂಗಳಲ್ಲಿ ಹೋದ. ನನ್ನನ್ನೂ ಕರೆದುಕೊಂಡೇ ಹೋಗುತ್ತಿದ್ದ. ಕಾನ್‌ಸ್ಟಂಟೈನಿನ ಆಸ್ಪತ್ರೆಯಲ್ಲಿ ಬೇಸಿಗೆಯೆಲ್ಲ ಮಲಗಿದ್ದೆ, ನಿಮ್ಮಪ್ಪ ಹೊರಗೆ ಬೆಂಚಿನ ಮೇಲಿದ್ದರು. ತೋಟಕ್ಕೆ ಯಾರೂ ಹೋಗಲಿಲ್ಲ. ಆಮೇಲೆ ಕೇಂದ್ರದವರು ಹಿಂದಿನ ವರ್ಷದ್ದನ್ನೂ ಮುಂದಿನ ವರ್ಷದ್ದನ್ನೂ ನೋಡಿ ಒಂದು ಅಂದಾಜು ತುಂಬಿಸಿ ಎಂದಾಗ, "ಎಣಿಸದೇ ಇದ್ದದ್ದನ್ನ ಎಣಿಸ್ದೆ ಅಂತ ಹೇಗೆ ಬರೀಲಿ ಮಬ್ರೂಕಾ" ಎಂದು ನನ್ನನ್ನೇ ಕೇಳಿದರು. ನಾನು ಬಿಡಿ ಖಾಲಿ ಎಂದೆ. ಆ ಸಾಲು ಖಾಲಿ ಇರುವುದು ಅದಕ್ಕೆ. ಫ್ರಾನ್ಸಿನವರಿಗೆ ಇಷ್ಟೇ ಬರೆ: ಆ ಬೇಸಿಗೆ ಮನೆಯಲ್ಲಿ ಸಾವಾಗಿತ್ತು, ಎಣಿಸಲಿಲ್ಲ. ಇದು ಚಿಕ್ಕಪ್ಪನಿಗೆ ಗೊತ್ತಿಲ್ಲ, ಅವನ ಜೇಬಿನಲ್ಲಿ ಇದನ್ನು ಕಳಿಸಲಾರೆ. ನಾನೇ ತರುತ್ತೇನೆ. ನವೆಂಬರಿನಿಂದ ಕಬರಸ್ತಾನಕ್ಕೆ ಬಿಟ್ಟು ಬೇರೆಲ್ಲೂ ಹೋಗಿಲ್ಲ, ಆದರೂ ಬರುತ್ತೇನೆ. ನಾಳೆ ಸಂಜೆಯವರೆಗೆ ಸಹಿ ಹಾಕಬೇಡ ಎಂದಷ್ಟೇ ಈಗ ಫೋನಿನಲ್ಲಿ ಹೇಳುತ್ತೇನೆ, ಯಾಕೆ ಎಂದು ಕೇಳಬೇಡ. ಕಾಗದವನ್ನು ಕಾವಲುಗಾರನ ಕೈಯಲ್ಲಿ ಒಳಗೆ ಕಳಿಸಿ, ನೀನು ಇದನ್ನು ಓದುವಾಗ ನಾನು ಹಾಸ್ಟೆಲಿನ ಗೇಟಿನ ಹತ್ತಿರ ಕೂತಿರುತ್ತೇನೆ. ಓದಿ ಮುಗಿಸಿ ಹೊರಗೆ ಬಾ. ನಾಳೆ ಅಲ್ಜಿಯರ್ಸಿನ ಬಸ್ಸು ಬೆಳಿಗ್ಗೆ ಐದೂವರೆಗೆ ಹೊರಡುತ್ತದೆ.